ಹಸಿರು ಚೀಟಿ ಅಂಟಿಸಿದ ಗ್ರಾಫಿಕ್ಸ್ ಕಾರ್ಡು

ತೆಗೆದ ವಸ್ತುವನ್ನು ತೆಗೆದಲ್ಲೇ ಇಡಬೇಕು. ಇದು ನಮ್ಮ ಮನೆಯ ಕಾನೂನು. ಮಾಡಿದವಳು ನನ್ನ ಹೆಂಡತಿ, ಜಾರಿಗೆ ತರುವವಳೂ ಅವಳೇ, ಮುರಿಯುವವನು ಮಾತ್ರ ನಾನು. (ಪ್ರಜಾಪ್ರಭುತ್ವ ಅಂದಮೇಲೆ ಪ್ರಜೆಯೂ ಒಬ್ಬ ಬೇಕಲ್ಲ.) ಕತ್ತರಿ ತೆಗೆದರೆ ಅದು ಹೊಲಿಗೆ ಡಬ್ಬಿಗೇ ಹೋಗಬೇಕು, ಟವೆಲು ತೆಗೆದರೆ ಹಗ್ಗಕ್ಕೇ ಹೋಗಬೇಕು. ನನ್ನ ಕನ್ನಡಕ ಎಲ್ಲಿಗೆ ಹೋಗಬೇಕು ಎಂಬ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ. ಸಾಮಾನ್ಯವಾಗಿ ಅದು ಫ್ರಿಜ್ಜಿನ ಮೇಲೆ ಸಿಗುತ್ತದೆ. ಮದುವೆಯಾದ ಮೇಲೆ ಈ ಕಾನೂನನ್ನು ನಾನು ಮನಃಪೂರ್ವಕವಾಗಿ, ಅಕ್ಷರಶಃ ಪಾಲಿಸಿದ್ದು ಒಂದೇ ಒಂದು ಸಲ. ಆ ಒಂದು ಸಲ ಏನಾಯಿತು ಎಂಬುದನ್ನು ಹೇಳುತ್ತೇನೆ. ನಗುವವರು ಧಾರಾಳವಾಗಿ ನಗಬಹುದು. ನಮ್ಮ ಮನೆಯಲ್ಲಂತೂ ನಗು ಇನ್ನೂ ನಿಂತಿಲ್ಲ.

ನನ್ನ ಹೆಂಡತಿ ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ. ಮರಗೆಲಸದ ಕಾರ್ಖಾನೆಯೊಂದಿದೆ. ಅವರು ಮಾಡಲಿರುವ ಕಪಾಟು, ಬೀರು, ಅಡುಗೆಮನೆಯ ಕಟ್ಟೆ ಎಲ್ಲವೂ ಮುಗಿದ ಮೇಲೆ ಹೇಗೆ ಕಾಣುತ್ತವೆ ಎಂದು ಮೊದಲೇ ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುವುದು ಅವಳ ಕಸುಬು. ಗಿರಾಕಿ ನೋಡಿ "ಹೂಂ" ಅಂದರೆ ಅಲ್ಲಿ ಗರಗಸ ಶುರುವಾಗುತ್ತದೆ, "ಉಹೂಂ" ಅಂದರೆ ಇಲ್ಲಿ ಹೆಂಡತಿ ಮತ್ತೆ ಶುರುಮಾಡುತ್ತಾಳೆ. ಊಟದ ಮೇಜಿನ ಪಕ್ಕದ ಮೂಲೆಯೇ ಅವಳ ಆಫೀಸು. ಈ ಮೂಲೆಯಲ್ಲಿ ಕೂತು ಅವಳು ಊರಿನ ಎಷ್ಟೋ ಮನೆಗಳ ಅಡುಗೆಮನೆಗಳನ್ನು ಚೆಂದ ಮಾಡಿದ್ದಾಳೆ, ನಮ್ಮದೊಂದನ್ನು ಬಿಟ್ಟು.

ಇಂಥವಳಿಗೆ ಒಮ್ಮೆ ದೊಡ್ಡ ಕೆಲಸವೊಂದು ಹುಡುಕಿಕೊಂಡು ಬಂತು. ಮಕ್ಕಳ ಗ್ರಂಥಾಲಯ! ಕಾರ್ಖಾನೆಯ ಯಜಮಾನರು ಫೋನು ಮಾಡಿ, "ನೋಡಮ್ಮಾ, ಗ್ರಂಥಾಲಯದ ಮೇಡಮ್ಮು ಬರೀ ಚಿತ್ರ ನೋಡಿ ಒಪ್ಪೋರಲ್ಲ. ಒಳಗೆ ನಡ್ಕೊಂಡು ಹೋದಂಗೆ ತೋರಿಸ್ಬೇಕಂತೆ. ತೋರಿಸಿ ಒಪ್ಪಿಸಿದ್ರೆ ಕೆಲಸ ನಿಂದು, ಇಲ್ದಿದ್ರೆ ಅವರು ಬೇರೆ ಕಡೆ ನೋಡ್ಕೊಳ್ತಾರೆ" ಅಂದರು. ಅವಳು ಫೋನಿಟ್ಟಳು. ಆಮೇಲೆ, "ಬೀರು ಬಿಡಿಸಿ ಬಿಡಿಸಿ ಸಾಕಾಗಿತ್ತು ಕಣ್ರೀ" ಎಂದಳು. ಅವಳ ಮುಖ ನೋಡಿದರೆ ಆ ಗ್ರಂಥಾಲಯ ಆಗಲೇ ಕಟ್ಟಿ ಮುಗಿದು, ಮಕ್ಕಳೂ ಬಂದು ಕೂತಿದ್ದ ಹಾಗಿತ್ತು.

ಆದರೆ ನಮ್ಮ ಕಂಪ್ಯೂಟರು ನಡೆಯುವ ಸ್ಥಿತಿಯಲ್ಲಿ ಇರಲಿಲ್ಲ. ನಡೆಸಿ ತೋರಿಸುವುದು ದೂರದ ಮಾತು. ಒಂದು ಬೀರುವಿನ ಬಾಗಿಲು ಪರದೆಯ ಮೇಲೆ ತೆರೆದುಕೊಳ್ಳುವಷ್ಟರಲ್ಲಿ ಅವಳು ಹೋಗಿ ಒಂದು ಬಕೆಟ್ ಬಟ್ಟೆ ಒಣಹಾಕಿ ಬರಬಹುದಿತ್ತು. ಹೋಗಿ ಬರುತ್ತಲೂ ಇದ್ದಳು. ಕೆಲಸ ಹೆಚ್ಚಾದರೆ ಅದರ ಡಬ್ಬ ಬಿಸಿಯಾಗಿ, ಮೆಟ್ಟಿಲು ಹತ್ತಿದ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು.

"ರೀ, ಒಂದು ಗ್ರಾಫಿಕ್ಸ್ ಕಾರ್ಡು ಹಾಕಿಸಿಬಿಡೋಣ್ವಾ?" ಎಂದಳು ಹೆಂಡತಿ. "ಚಿತ್ರದ ಕೆಲಸವನ್ನೆಲ್ಲ ಅದೊಂದೇ ನೋಡ್ಕೊಳ್ಳುತ್ತಂತೆ. ತೀರಾ ದುಬಾರೀದೂ ಬೇಡ, ತೀರಾ ಅಗ್ಗದ್ದೂ ಬೇಡ. ಈಗ ಹೊಸದಾಗಿ ಮಧ್ಯದ ದರ್ಜೇದು ಒಂದು ಬಂದಿದೆಯಂತೆ."

"ಹಾಕಿಸಿಬಿಡೋಣ ಅಂದ್ರೆ? ಅದೇನು ಗೋಡೆಗೆ ಸುಣ್ಣವಾ? ವಿಚಾರಿಸ್ಬೇಡ್ವಾ? ಅಧ್ಯಯನ ಮಾಡ್ಬೇಡ್ವಾ?"

ಈ ಮಾತು ನನ್ನ ಬಾಯಲ್ಲಿ ಸುಮ್ಮನೆ ಬಂದದ್ದಲ್ಲ. ನಾನು ನೀರೆತ್ತುವ ಪಂಪುಗಳ ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದವನು. ಪಂಪು ಸರಿ ಇದ್ದರೆ ಅದರ ನೆತ್ತಿಗೆ 'ಪರೀಕ್ಷಿಸಲಾಗಿದೆ' ಎಂಬ ಹಸಿರು ಚೀಟಿ ಅಂಟಿಸುತ್ತೇನೆ, ಸರಿ ಇಲ್ಲದಿದ್ದರೆ ಕೆಂಪು ಚೀಟಿ. ನಾನು ನೋಡದೆ ಒಂದು ನಟ್ಟು ಕೂಡ ಗೇಟು ದಾಟುವಂತಿಲ್ಲ. ಇಂಥ ಮನುಷ್ಯನ ಮನೆಗೆ ಹೆಸರು ಕುಲ ಗೊತ್ತಿಲ್ಲದ ಒಂದು ಕಾರ್ಡು ಹಾಗೇ ಒಳಗೆ ಬರುವುದೆಂದರೇನು?

ಹೀಗೆ ನನ್ನ ಮಹಾ ಅಧ್ಯಯನ ಆರಂಭವಾಯಿತು. ಇಂಟರ್ನೆಟ್ಟಿನಲ್ಲಿ ಈ ಕಾರ್ಡುಗಳನ್ನು ಅಳೆದು ತೂಗಿ ಹೇಳುವುದಕ್ಕೆಂದೇ ಹುಟ್ಟಿದ ಮಹನೀಯರಿದ್ದಾರೆ. ಅವರಲ್ಲಿ ಇಬ್ಬರನ್ನು ನಾನು ಗುರುಗಳಾಗಿ ಸ್ವೀಕರಿಸಿದೆ. ಒಬ್ಬ ಗಡ್ಡದವನು, ಇನ್ನೊಬ್ಬ ಟೋಪಿಯವನು. ಗಡ್ಡದವನು, "ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅಂದ. ಟೋಪಿಯವನು, "ಕಣ್ಣಿರೋರು ಯಾರೂ ತಗೋಬೇಡಿ" ಅಂದ. ಹಳೆಯದಕ್ಕಿಂತ ಹೊಸದು ಸ್ವಲ್ಪ ಜೋರು, ಆದರೆ ಬೆಲೆಯೂ ಸ್ವಲ್ಪ ಜೋರು. ಇನ್ನು ಸ್ವಲ್ಪ ದಿನ ಕಾದರೆ ಇದಕ್ಕಿಂತ ಹೊಸದು ಬರುತ್ತದೆ. ಅದು ಬಂದಾಗ ಅದಕ್ಕಿಂತ ಹೊಸದಕ್ಕೆ ಕಾಯಬಹುದು. ಈ ತರ್ಕದ ಪ್ರಕಾರ ನೋಡಿದರೆ ಬುದ್ಧಿವಂತನಾದವನು ಕಾರ್ಡನ್ನು ಕೊಳ್ಳುವುದೇ ಇಲ್ಲ, ಕಾಯುತ್ತಲೇ ಮುಕ್ತಿ ಪಡೆಯುತ್ತಾನೆ.

ಮಧ್ಯದ ದರ್ಜೆಯದ್ದರಲ್ಲಿ ಇನ್ನೊಂದು ಸಂಕಟ. ಅಗ್ಗದ್ದು ಕೊಂಡವನಿಗೆ ದುಡ್ಡು ಉಳಿಯಿತೆಂಬ ಸಮಾಧಾನವಾದರೂ ಇರುತ್ತದೆ. ದುಬಾರಿಯದ್ದು ಕೊಂಡವನಿಗೆ ಜಂಬ ಇರುತ್ತದೆ. ನಡುವಿನದ್ದು ಕೊಂಡವನಿಗೆ ಉಳಿಯುವುದು ಅನುಮಾನ ಮಾತ್ರ. ಈ ವಿಷಯವನ್ನು ನಾನು ಊಟದ ಹೊತ್ತಿನಲ್ಲಿ ಸವಿಸ್ತಾರವಾಗಿ ಮಂಡಿಸುತ್ತಿದ್ದೆ. ಹೆಂಡತಿ ತಟ್ಟೆ ನೋಡುತ್ತಿದ್ದಳು. ಅತ್ತೆಯವರು ನನ್ನನ್ನೇ ನೋಡುತ್ತಿದ್ದರು.

ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಜೊತೆಗೇ ಇದ್ದಾರೆ. ಅವರು ಪ್ರಪಂಚದಲ್ಲಿ ಸಹಿಸದೇ ಇರುವುದು ಧೂಳನ್ನು ಮಾತ್ರ. ಮಿಕ್ಕಿದ್ದನ್ನೆಲ್ಲ, ನನ್ನನ್ನೂ ಸೇರಿಸಿ, ಸಹಿಸಿಕೊಂಡಿದ್ದಾರೆ. ಅವರ ಮಾತು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಅಂದು ಹೇಳಿದರು:

"ಅಳಿಯಂದ್ರೇ, ನಿಮ್ಮನ್ನ ನೋಡೋಕೆ ಬಂದಾಗ ನಾವು ಇದರಲ್ಲಿ ಕಾಲು ಭಾಗ ವಿಚಾರಿಸಿದ್ದಿದ್ರೆ..."

ಉಳಿದರ್ಧವನ್ನು ನೀರಿನ ಜೊತೆ ಕುಡಿದುಬಿಟ್ಟರು.

ಅಧ್ಯಯನ ಮುಂದುವರಿಯುತ್ತಿತ್ತು, ಗ್ರಂಥಾಲಯ ಮಾತ್ರ ಮುಂದುವರಿಯುತ್ತಿರಲಿಲ್ಲ. ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಹೆಂಡತಿ ಕಂಪ್ಯೂಟರಿನ ಮುಂದೆ ಕೈಕಟ್ಟಿಕೊಂಡು ಕೂತಿದ್ದಳು. ಪರದೆಯ ಮೇಲೆ ಅರ್ಧ ಬಿಡಿಸಿದ ಪುಸ್ತಕದ ಕಪಾಟೊಂದು ಉಸಿರು ಕಟ್ಟಿ ನಿಂತಿತ್ತು.

"ಯಜಮಾನ್ರು ಫೋನ್ ಮಾಡಿದ್ರು" ಎಂದಳು. "ಮುಂದಿನ ವಾರ ಮೇಡಂನ ಕರ್ಕೊಂಡು ಬರ್ತಾರಂತೆ, ಇಲ್ಲಿಗೇ. ನಂಗೆ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು ಅಂದ್ರು."

"ನೀನೇನಂದೆ?"

"ನಾಳೆ ಹೇಳ್ತೀನಿ ಅಂದೆ."

ಅಷ್ಟೇ. ಬೈಯಲಿಲ್ಲ. ಗಡ್ಡದವನ ಹೆಸರೆತ್ತಲಿಲ್ಲ, ಟೋಪಿಯವನ ಹೆಸರೆತ್ತಲಿಲ್ಲ. ನನ್ನ ಟವೆಲು ಸೋಫಾದ ಮೇಲೆ ಬಿದ್ದಿತ್ತು, ಅದನ್ನೂ ಕೇಳಲಿಲ್ಲ! ಇವಳು ಬೈಯುವವರೆಗೆ ಮನೆ ಸುಭದ್ರವಾಗಿದೆ ಎಂದು ನನಗೆ ಗೊತ್ತು. ಸುಮ್ಮನಾದಳು ಅಂದರೆ ಎಲ್ಲೋ ಏನೋ ನಿಜವಾಗಿ ಮುರಿದಿದೆ. ಮಾರನೆಯ ದಿನವೇ ನಾನು ಅಂಗಡಿಗೆ ಹೋಗಿ ಆ ಮಧ್ಯದ ದರ್ಜೆಯ ಕಾರ್ಡನ್ನು ಕೊಂಡು ತಂದೆ. (ಬೆಲೆ ಹೇಳಿ ನಿಮ್ಮ ಮನಸ್ಸನ್ನೂ ಯಾಕೆ ಕೆಡಿಸಲಿ?) ಅಂಗಡಿಯವನು, "ನಮ್ಮ ಹುಡುಗ ಬಂದು ಕೂರಿಸಿ ಕೊಡ್ತಾನೆ ಸಾರ್" ಎಂದ. ನಾನು ನಕ್ಕೆ. ದಿನವಿಡೀ ಪಂಪು ಬಿಚ್ಚಿ ಜೋಡಿಸುವವನಿಗೆ ಒಂದು ಹಲಗೆ ಸಿಕ್ಕಿಸುವುದು ಯಾವ ಲೆಕ್ಕ!

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಕಂಪ್ಯೂಟರಿನ ಹಿಂದಿನ ಕೇಬಲ್ಲುಗಳಿಗೆ ಕೈ ಹಾಕುತ್ತಿದ್ದಂತೆ ಅಡುಗೆಮನೆಯಿಂದ ಧ್ವನಿ ಬಂತು:

"ರೀ, ಯಾವುದು ಎಲ್ಲಿಂದ ತೆಗೆದ್ರೋ ನೆನಪಿಟ್ಕೊಳ್ಳಿ! ಆಮೇಲೆ ಒಂದು ಹೋಗಿ ಇನ್ನೊಂದಕ್ಕೆ ಸಿಕ್ಕಿಸಿ..."

ನೆನಪಿಟ್ಟುಕೊಳ್ಳುವುದೇನು, ಗುರುತೇ ಹಾಕಿದೆ. ಅವಳ ಉಗುರುಬಣ್ಣದ ಬಾಟಲಿಗಳನ್ನು ತಂದು ಪ್ರತಿ ಕೇಬಲ್ಲಿಗೂ ಅದು ಕೂತಿದ್ದ ಕಿಂಡಿಗೂ ಒಂದೇ ಬಣ್ಣದ ಬೊಟ್ಟಿಟ್ಟೆ. ಪರದೆಯಿಂದ ಬರುವ ಕೇಬಲ್ಲಿಗೆ ಕೆಂಪು, ಅದರ ಕಿಂಡಿಗೂ ಕೆಂಪು. ಬಾಟಲಿಗಳನ್ನು ತೆಗೆದಲ್ಲೇ ಇಟ್ಟೆ ಕೂಡ! ಆ ದಿನ ನನ್ನ ಮೇಲೆ ಯಾವುದೋ ಸದ್ಗುಣ ಆವೇಶವಾಗಿತ್ತು.

ಡಬ್ಬದ ಮುಚ್ಚಳ ತೆಗೆದರೆ ಒಳಗೆ ಹಾಸಿಗೆ ಮಾಡುವಷ್ಟು ಧೂಳು. ಸಣ್ಣ ತಿರುಪುಳಿಯೊಂದು ಬೇಕಾಗಿತ್ತು; ಅದು ಇರಬೇಕಾದಲ್ಲಿ ಇರಲಿಲ್ಲ. (ಹಿಂದಿನ ಸಲ ತೆಗೆದವರು ಯಾರು ಎಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ.) ಮೇಲಿನ ಮನೆಯವರಲ್ಲಿ ಕೇಳಿ, ಅವರಿಗೂ ಕಾರ್ಡಿನ ಬಗ್ಗೆ ನಾಲ್ಕು ಮಾತು ತಿಳಿಸಿ ಬರುವಷ್ಟರಲ್ಲಿ ಡಬ್ಬದ ಒಳಗು ಲಕಲಕ ಹೊಳೆಯುತ್ತಿತ್ತು. ಅತ್ತೆಯವರು ಸೀನುತ್ತಾ ಪಕ್ಕದಲ್ಲಿ ನಿಂತಿದ್ದರು.

"ತೆರೆದಿತ್ತಲ್ಲ, ಅದಕ್ಕೇ ಒಂದು ಕೈ..." ಎಂದರು.

"ಇರಲಿ ಅತ್ತೆ. ಧೂಳಿಗೂ ವೇಗಕ್ಕೂ ಏನು ಸಂಬಂಧ" ಎಂದು ನಾನು ಉದಾರವಾಗಿ ಕ್ಷಮಿಸಿದೆ.

ಕಾರ್ಡನ್ನು ಒಳಗೆ ಕೂರಿಸಿದೆ. ಅದರದ್ದೇ ಆದ ಕಿಂಡಿಗಳು ಡಬ್ಬದ ಹಿಂಭಾಗದಲ್ಲಿ, ಹಳೆಯ ಕಿಂಡಿಗಳ ಕೆಳಗೆ ಬಂದು ಕೂತವು. ಒಂದೊಂದಕ್ಕೂ ಕಪ್ಪು ರಬ್ಬರಿನ ಪುಟ್ಟ ಮುಚ್ಚಳ. "ನೋಡೇ, ಧೂಳು ಹೋಗದ ಹಾಗೆ ಮುಚ್ಚಳ ಬೇರೆ ಕೊಟ್ಟಿದ್ದಾರೆ! ಇದಪ್ಪಾ ತಯಾರಿಕೆ ಅಂದ್ರೆ!" ಎಂದು ಮುಚ್ಚಳಗಳನ್ನು ಒಮ್ಮೆ ಒತ್ತಿ ಭದ್ರಪಡಿಸಿದೆ. ಆಮೇಲೆ ಕೆಂಪು ಬೊಟ್ಟಿನ ಕೇಬಲ್ಲನ್ನು ಕೆಂಪು ಬೊಟ್ಟಿನ ಕಿಂಡಿಗೆ, ಉಳಿದವನ್ನು ಉಳಿದವಕ್ಕೆ ಸಿಕ್ಕಿಸಿದೆ. ತೆಗೆದದ್ದು ತೆಗೆದಲ್ಲೇ. ಕಿಸೆಯಿಂದ ಹಸಿರು ಚೀಟಿ ತೆಗೆದು ಡಬ್ಬದ ನೆತ್ತಿಗೆ ಅಂಟಿಸಿದೆ: 'ಪರೀಕ್ಷಿಸಲಾಗಿದೆ.'

ಗುಂಡಿ ಒತ್ತಿದರೆ, ಆಹಾ! ಏದುಸಿರಿಲ್ಲ, ಬಿಸಿಯಿಲ್ಲ. ಬೀರುವಿನ ಬಾಗಿಲು ಬಟ್ಟೆ ಒಣಹಾಕುವುದಕ್ಕೆ ಬಿಡುವೇ ಕೊಡದೆ ತೆರೆದುಕೊಂಡಿತು.

"ಬಣ್ಣ ನೋಡು, ಬಣ್ಣ! ಈ ಕೆಂಪು ಮೊದಲು ಇತ್ತಾ?" ಎಂದೆ.

"ಪರವಾಗಿಲ್ಲ ಕಣ್ರೀ, ಬೇಗ ಬರ್ತಿದೆ" ಎಂದಳು ಹೆಂಡತಿ. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು.

ಅತ್ತೆಯವರೂ ಬಗ್ಗಿ ನೋಡಿ, "ತೊಳೆದಿಟ್ಟ ಹಾಗಿದೆ" ಎಂದರು. ಅವರ ಜೀವನದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಮರುದಿನ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳಲು ಬ್ರಷ್ಷಿಗೆ ಸೋಪು ಹಚ್ಚಿ ಮುಖಕ್ಕೆ ತಿಕ್ಕಿದರೆ ನೊರೆಯೆಲ್ಲ ಬೂದುಬಣ್ಣ! ಕನ್ನಡಿಯಲ್ಲಿ ನೋಡಿದರೆ ಮಳೆಗಾಲದ ಮೋಡವೊಂದು ನನ್ನ ಬನಿಯನ್ನು ಹಾಕಿಕೊಂಡು ನಿಂತ ಹಾಗಿತ್ತು. ಸೋಪೇ ಕೆಟ್ಟಿರಬೇಕು ಎಂದು ಅದನ್ನು ಎಸೆದೆ. ತಪಾಸಣೆ ವಿಭಾಗದವನಿಗೆ ಬ್ರಷ್ಷನ್ನು ತಪಾಸಣೆ ಮಾಡಬೇಕೆಂದು ಹೊಳೆಯಲಿಲ್ಲ.

ಅಲ್ಲಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ನನ್ನ ಉಪನ್ಯಾಸ. "ಮಧ್ಯದ ದರ್ಜೆಯದ್ದು ಕೊಳ್ಳಬಹುದಾ ಅಂತ ಕೇಳ್ತಾರೆ ಜನ. ನಾನು ಹೇಳೋದಿಷ್ಟೇ: ಒಂದ್ಸಲ ಕಣ್ಣಾರೆ ನೋಡಿ, ಕತ್ತಲೆಗೂ ಬೆಳಕಿಗೂ ಇರೋ ವ್ಯತ್ಯಾಸ!" ಉಗ್ರಾಣದ ಮೇಲ್ವಿಚಾರಕರು ಮಗಳಿಗೆ ಅಂಥದ್ದೇ ಕೊಡಿಸುವ ಯೋಚನೆಯಲ್ಲಿದ್ದರು, ನಾನು ಅಂತಿಮ ತೀರ್ಪು ಕೊಟ್ಟ ಮೇಲೆಯೇ ಕೊಳ್ಳುವುದಾಗಿ ಹೇಳಿದರು. ಗಡ್ಡ, ಟೋಪಿಗಳ ಸಾಲಿನಲ್ಲಿ ಬೋಳುತಲೆಯ ನಾನೂ ಸೇರಿದ ಹಾಗಾಯಿತು. ಇದೇ ಹುಮ್ಮಸ್ಸಿನಲ್ಲಿ ಬಹಳ ದಿನದಿಂದ ತೊಟ್ಟಿಕ್ಕುತ್ತಿದ್ದ ಬಚ್ಚಲುಮನೆಯ ನಲ್ಲಿಯನ್ನೂ ನಾನೇ ಬಿಚ್ಚಿ ರಿಪೇರಿ ಮಾಡಿದೆ. ಮಾರನೆಯ ಸಂಜೆ ನೋಡಿದರೆ ಒಂದು ಹನಿಯೂ ಇಲ್ಲ! ಮುಟ್ಟಿದ್ದೆಲ್ಲ ಚಿನ್ನ ಎಂದರೆ ಇದೇ ಇರಬೇಕು ಎಂದುಕೊಂಡೆ.

ಮನೆಯಲ್ಲೂ ನನ್ನ ಮರ್ಯಾದೆ ಹೆಚ್ಚಿತು. ಅದುವರೆಗೆ ನಾನು ಬಂದರೂ ಹೋದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಅತ್ತೆಯವರು ಸಂಜೆ ಕಿಟಕಿಯ ಬಳಿಯೇ ಕುರ್ಚಿ ಹಾಕಿಕೊಂಡು ನನಗಾಗಿ ಕಾಯತೊಡಗಿದರು. ನಾನು ಗೇಟಿಗೆ ಕೈ ಹಾಕಿದರೆ ಸಾಕು, "ಅಳಿಯಂದ್ರು ಬಂದ್ರೂ!" ಎಂದು ಮನೆಯೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಒಂದು ಕಾರ್ಡು ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಏರಿಸುತ್ತದೆ ನೋಡಿ!

ಒಳಗೆ ಹೋದವನೇ ನಾನು ಮಾಡುತ್ತಿದ್ದ ಮೊದಲ ಕೆಲಸ ಸಾಯಂಕಾಲದ ತಪಾಸಣೆ. ಟಾರ್ಚು ಹಿಡಿದು ಡಬ್ಬದ ಹಿಂದೆ ಬಗ್ಗಿ, ಕೆಂಪು ಬೊಟ್ಟಿಗೆ ಕೆಂಪು ಬೊಟ್ಟು ಸೇರಿದೆಯೇ, ರಬ್ಬರ್ ಮುಚ್ಚಳಗಳು ಬಿಗಿಯಾಗಿವೆಯೇ ಎಂದು ನೋಡುತ್ತಿದ್ದೆ. ಎಲ್ಲವೂ ನಾನಿಟ್ಟ ಹಾಗೆಯೇ ಇರುತ್ತಿತ್ತು. "ಯಾರೂ ಕೈ ಹಾಕಿಲ್ಲ ತಾನೇ?" ಎಂದು ಕೇಳಿದರೆ ಹೆಂಡತಿ, "ನಮಗೇನ್ರೀ ಗೊತ್ತಾಗುತ್ತೆ ಅದೆಲ್ಲ" ಎನ್ನುತ್ತಿದ್ದಳು. ಅವಳ ಹಣೆಯಲ್ಲಿ ಸ್ವಲ್ಪ ಬೆವರು ಇರುತ್ತಿತ್ತು. ಪಾಪ, ಕೆಲಸ ಜಾಸ್ತಿ ಎಂದುಕೊಳ್ಳುತ್ತಿದ್ದೆ. ಗ್ರಂಥಾಲಯ ಮಾತ್ರ ದಿನದಿಂದ ದಿನಕ್ಕೆ ಏಳುತ್ತಿತ್ತು: ಗೋಡೆ ಎದ್ದಿತು, ಕಪಾಟು ಬಂದವು, ಕಿಟಕಿಯ ಕೆಳಗೆ ಮಕ್ಕಳು ಕೂತು ಓದುವ ಜಗಲಿ ಬಂತು.

ಆ ಮಹಾದಿನ ಬಂತು. ಯಜಮಾನರೂ ಗ್ರಂಥಾಲಯದ ಮೇಡಮ್ಮೂ ಬರುವ ದಿನ. ಹೆಂಡತಿಯ ಬಾಳಿನಲ್ಲಿ ಇಷ್ಟು ದೊಡ್ಡ ಪರೀಕ್ಷೆ ನಡೆಯುವಾಗ ಪರೀಕ್ಷಾ ವಿಭಾಗದವನು ಕಾರ್ಖಾನೆಯಲ್ಲಿ ಕೂರುವುದೇ? ರಜೆ ಹಾಕಿದೆ.

ಹೆಂಡತಿಯ ಮುಖ ಬಿಳಿಚಿಕೊಂಡಿತು. "ರಜೆ ಯಾಕ್ರೀ? ನೀವು ಹೋಗಿ. ನಾನು ನೋಡ್ಕೋತೀನಿ."

"ಛೆ ಛೆ! ನೀನೊಬ್ಬಳೇ ಹೇಗೆ? ಕಾರ್ಡಿನ ಬಗ್ಗೆ ಅವರು ಏನಾದ್ರೂ ಕೇಳಿದ್ರೆ?"

"ಹೋಗ್ಲಿ, ಹಣ್ಣಾದ್ರೂ ತಂದುಬಿಡಿ. ಅಂಗಡಿಗೆ ಹೋಗಿ ಬನ್ನಿ, ನಿಧಾನಕ್ಕೆ."

"ಎಲ್ಲಾ ನಿನ್ನೇನೇ ತಂದಿದ್ದೀನಿ!"

ಅತ್ತೆಯವರೂ ನನ್ನನ್ನು ಹೊರಗೆ ಕಳಿಸಲು ಬಹಳ ಪ್ರಯತ್ನಪಟ್ಟರು. ಟೆರೇಸಿನ ಮೇಲೆ ಏನೋ ಸದ್ದಾಯಿತು ಅಂದರು, ಮೇಲಿನ ಮನೆಯವರು ತಿರುಪುಳಿ ವಾಪಸ್ ಕೇಳಿದರು ಅಂದರು. ನಾನು ಜಗ್ಗಲಿಲ್ಲ. ಹೆಂಡತಿಯ ಕುರ್ಚಿಯ ಹಿಂದೆಯೇ, ಡಬ್ಬಕ್ಕೆ ಒಂದು ಕೈ ಊರಿಕೊಂಡು ಕಾವಲು ನಿಂತೆ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು.

ಯಜಮಾನರು ದಪ್ಪ ಮೀಸೆಯವರು, ಮಾತು ಕಡಿಮೆ. ಮೇಡಂ ಸಣ್ಣ ಆಕೃತಿಯವರು, ದೊಡ್ಡ ಕನ್ನಡಕದವರು. ಇಬ್ಬರೂ ಕೂತ ಕೂಡಲೇ ನಾನು ಶುರುಮಾಡಿದೆ. "ಇದು ಸಾಮಾನ್ಯ ಕಂಪ್ಯೂಟರಲ್ಲ ಮೇಡಂ. ಇದರೊಳಗೆ ಹೊಸ ಗ್ರಾಫಿಕ್ಸ್ ಕಾರ್ಡಿದೆ. ನಾನೇ ಆರಿಸಿ, ನಾನೇ ಕೂರಿಸಿ..."

"ರೀ" ಎಂದಳು ಹೆಂಡತಿ.

ಪರದೆಯ ಮೇಲೆ ಗ್ರಂಥಾಲಯದ ಬಾಗಿಲು ತೆರೆಯಿತು. ಒಂದು ಹೆಜ್ಜೆ, ಎರಡು ಹೆಜ್ಜೆ, ಕಪಾಟುಗಳು ನಿಧಾನವಾಗಿ ಪಕ್ಕಕ್ಕೆ ಸರಿದವು. ಮೇಡಂ ತಲೆಯಾಡಿಸಿದರು. ಆಮೇಲೆ ಹೇಳಿದರು:

"ಇದು ದೊಡ್ಡವರ ಕಣ್ಣಿಂದ ನೋಡಿದ್ದಲ್ವಾ? ನಂಗೆ ಮಗು ಎತ್ತರದಿಂದ ತೋರಿಸಿ. ಸಾಯಂಕಾಲ ಶಾಲೆ ಬಿಟ್ಟ ಮೇಲೆ ಬರ್ತಾರೆ ಮಕ್ಕಳು. ಆ ಹೊತ್ತಿನ ಬಿಸಿಲು ಕಿಟಕಿಯಿಂದ ಒಳಗೆ ಬೀಳ್ಬೇಕು. ಆ ಬೆಳಕಲ್ಲಿ ಒಂದು ಮಗುವಿಗೆ ಮೇಲಿನ ಪುಸ್ತಕ ಕಾಣುತ್ತಾ, ಕೈಗೆ ಎಟುಕುತ್ತಾ, ಅದು ನೋಡ್ಬೇಕು ನಾನು."

ಹೆಂಡತಿ ಬಿಸಿಲು ಹಾಕಿದಳು. ಕಣ್ಣನ್ನು ಕೆಳಗಿಳಿಸಿದಳು. ಒಂದು ಹೆಜ್ಜೆ ಮುಂದಿಟ್ಟಳು.

ಚಿತ್ರ ನಿಂತಿತು.

ಆಮೇಲೆ ಕುಂಟನ ಹಾಗೆ ಒಮ್ಮೆ ಹಾರಿ ಮತ್ತೆ ನಿಂತಿತು. ಬಿಸಿಲು ಕಿಟಕಿಯಲ್ಲೇ ಸಿಕ್ಕಿಕೊಂಡಿತು. ಕಪಾಟಿನ ಅರ್ಧ ಭಾಗ ಬಂದು, ಉಳಿದರ್ಧ ದಾರಿಯಲ್ಲೇ ಉಳಿಯಿತು. ಯಜಮಾನರು ಮೀಸೆ ನೀವಿಕೊಂಡರು. ಮೇಡಂ ಕೈಗಡಿಯಾರ ನೋಡಿದರು.

"ಕಾರ್ಡು... ಹೊಸದು ನೋಡಿ... ಅದಕ್ಕೂ ಸ್ವಲ್ಪ ಸಂಕೋಚ..." ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಬೀರು ಬಿಡಿಸಿ ಬಿಡಿಸಿ ಸಾಕಾಗಿದೆ ಎಂದಿದ್ದಳಲ್ಲ, ಆ ಮಾತು ನೆನಪಾಯಿತು.

ಹೆಂಡತಿ ಮಾತ್ರ ಎದ್ದು ನಿಂತಳು. "ಒಂದು ನಿಮಿಷ ಮೇಡಂ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಎಳೆ ಮಗುವಿಗೆ ಹೇಳುವಷ್ಟು ಮೆತ್ತಗೆ, "ರೀ, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದಳು.

ಪಕ್ಕಕ್ಕೆ ಹೋದೆ. ಅವಳು ಕಂಪ್ಯೂಟರ್ ಆರಿಸಿದಳು. ಟಾರ್ಚಿಲ್ಲದೆ, ನೋಡದೆ, ಡಬ್ಬದ ಹಿಂದೆ ಕೈ ಹಾಕಿದಳು. ಒಂದು ರಬ್ಬರ್ ಮುಚ್ಚಳ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡಳು. ನಾನು ಕೆಂಪು ಬೊಟ್ಟಿಟ್ಟು ಕಾಪಾಡಿದ್ದ ಕೇಬಲ್ಲನ್ನು ಅದರ ಕಿಂಡಿಯಿಂದ ಸೆಳೆದು, ಮುಚ್ಚಳ ಕಿತ್ತ ಕಿಂಡಿಗೆ ಸಿಕ್ಕಿಸಿದಳು. ಇಷ್ಟನ್ನೂ ಮಾಡಿದ್ದು ಅಡುಗೆಮನೆಯ ದೀಪ ಹಾಕುವಷ್ಟು ಸಲೀಸಾಗಿ. ದಿನವೂ ಮಾಡಿ ರೂಢಿಯಾದವರ ಕೈ ಮಾತ್ರ ಹಾಗೆ ಓಡುತ್ತದೆ. ನಾನು ಬಾಯಿ ತೆರೆದೆ. ಅತ್ತೆಯವರು ಪಕ್ಕದಿಂದ ನನ್ನ ಬಾಯಿಗೆ ಸರಿಯಾಗಿ ಹಣ್ಣಿನ ತಟ್ಟೆ ಚಾಚಿದರು.

ಪರದೆ ಬೆಳಗಿತು. ಗ್ರಂಥಾಲಯದ ಬಾಗಿಲು ತೆರೆಯಿತು. ಈ ಸಲ ಒಳಗೆ ಹೋದದ್ದು ಒಂದು ಪುಟ್ಟ ಮಗು. ಅದು ಕಾಣಲಿಲ್ಲ, ಆದರೆ ಅದರ ಕಣ್ಣು ನಮ್ಮದಾಗಿತ್ತು. ಸಂಜೆಯ ಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು, ನಾವು ಅದನ್ನು ತುಳಿದುಕೊಂಡೇ ನಡೆದೆವು. ಎಲ್ಲೂ ತಡೆಯಿಲ್ಲ. ಕಪಾಟಿನ ಮೂಲೆ ತಿರುಗಿದಾಗ ಕಿಟಕಿಯ ಜಗಲಿ ಬಂತು, ತಲೆ ಎತ್ತಿದರೆ ಮೇಲಿನ ಸಾಲಿನ ಪುಸ್ತಕಗಳ ಬೆನ್ನು ಕಂಡಿತು. ಮೇಡಂ ತಮಗೇ ಗೊತ್ತಿಲ್ಲದೇ ಕುರ್ಚಿಯಿಂದ ಇಳಿದು, ಮಂಡಿ ಮಡಿಸಿ ನೆಲದ ಮೇಲೆ 'ಮಗು ಎತ್ತರ'ಕ್ಕೆ ಕೂತುಬಿಟ್ಟಿದ್ದರು.

"ಮೇಲಿನ ಸಾಲು ಒಂದು ಗೇಣು ಕೆಳಗೆ ಬರಲಿ" ಎಂದರು ಕೊನೆಗೆ. "ಉಳಿದದ್ದು ಹೀಗೇ ಇರಲಿ. ಯಾವಾಗ ಶುರುಮಾಡ್ತೀರಿ?"

"ನಾಳೆ" ಎಂದರು ಯಜಮಾನರು. ಅವರು ಅಂದು ಆಡಿದ್ದು ಅದೊಂದೇ ಮಾತು.

ಹೊರಡುವಾಗ ಮೇಡಂ, "ಕೊನೆಗೆ ಚಿತ್ರ ಎಷ್ಟು ಚೆನ್ನಾಗಿ ಬಂತು!" ಎಂದರು. ಹೆಂಡತಿ ನನ್ನ ಕಡೆ ಕೈ ತೋರಿಸಿ, "ಕಾರ್ಡು ನಮ್ಮೆಜಮಾನ್ರೇ ಆರಿಸಿ ತಂದಿದ್ದು ಮೇಡಂ" ಎಂದಳು. ನಾನು ಇಂಗು ತಿಂದ ಮಂಗನ ಹಾಗೆ ನಿಂತು ಕೈ ಮುಗಿದೆ.

ಅವರು ಗೇಟು ದಾಟಿದ ಮೇಲೆ ನಾನು ಸೋಫಾದ ಮೇಲೆ ಕುಸಿದೆ.

"ಯಾವಾಗ ಗೊತ್ತಾಯ್ತು?"

"ಸೋಮವಾರ, ನೀವು ಕೆಲಸಕ್ಕೆ ಹೋದ ತಕ್ಷಣ. ಪರದೆ ಕೇಬಲ್ಲು ಕಾರ್ಡಿನ ಕಿಂಡಿಗೆ ಹೋಗ್ಬೇಕಿತ್ತು; ನೋಡಿದ್ರೆ ಹೊಸ ಕಿಂಡಿಗೆಲ್ಲ ಮುಚ್ಚಳ, ಕೇಬಲ್ಲು ಹಳೇ ಕಿಂಡೀಲಿ. ಕಾರ್ಡು ಪಾಪ ಒಳಗೆ ನೆಂಟರ ಥರ ಸುಮ್ನೆ ಕೂತಿತ್ತು."

"ಮತ್ತೆ ಭಾನುವಾರ ಅಷ್ಟು ಚೆನ್ನಾಗಿ ಓಡಿದ್ದು?"

"ಅಮ್ಮ ಧೂಳು ತೆಗೆದಿದ್ರಲ್ಲ. ಉಸಿರಾಡೋಕೆ ಜಾಗ ಸಿಕ್ತು ಅದಕ್ಕೆ."

"ನಿಮ್ಮ ಬ್ರಷ್ಷಲ್ಲೇ ಅಳಿಯಂದ್ರೇ" ಎಂದರು ಅತ್ತೆ. "ಮೆತ್ತಗಿತ್ತು, ಅದಕ್ಕೇ..."

ಬೂದುಬಣ್ಣದ ನೊರೆಯ ರಹಸ್ಯ ಬಯಲಾಯಿತು. ಉಳಿದದ್ದೂ ಒಂದೊಂದಾಗಿ ಹೊರಗೆ ಬಂತು. ನಾನು ಬೆಳಿಗ್ಗೆ ಗೇಟು ದಾಟಿದ ಕೂಡಲೇ ಅವಳು ಕೇಬಲ್ಲನ್ನು ಹೊಸ ಕಿಂಡಿಗೆ ಹಾಕುತ್ತಿದ್ದಳು. ದಿನವಿಡೀ ಗ್ರಂಥಾಲಯ ಕಟ್ಟುತ್ತಿದ್ದಳು. ಸಂಜೆ ಅತ್ತೆ ಕಿಟಕಿಯಿಂದ "ಅಳಿಯಂದ್ರು ಬಂದ್ರೂ!" ಎಂದು ಕೂಗಿದೊಡನೆ ಕೇಬಲ್ಲು ಹಳೇ ಕಿಂಡಿಗೆ, ಮುಚ್ಚಳ ಅದರ ಜಾಗಕ್ಕೆ. ನಾನು ಟಾರ್ಚು ಹಿಡಿದು ಬಗ್ಗುವಷ್ಟರಲ್ಲಿ ಎಲ್ಲವೂ ನಾನಿಟ್ಟ ಹಾಗೆಯೇ. ಇಂದು ನಾನು ರಜೆ ಹಾಕಿ ಡಬ್ಬಕ್ಕೆ ಆತುಕೊಂಡು ನಿಂತದ್ದರಿಂದ ಬದಲಾಯಿಸಲು ಅವಕಾಶವೇ ಸಿಗಲಿಲ್ಲ. ಅತ್ತೆಯವರ ಸಂಭ್ರಮದ ಸ್ವಾಗತವೆಂದು ನಾನು ಬೀಗಿದ್ದೆನಲ್ಲ, ಅದು ಅಪಾಯದ ಗಂಟೆ!

"ನಂಗೆ ಒಂದು ಮಾತು ಹೇಳ್ಬಾರದಾಗಿತ್ತೇನೇ?"

"ಹೇಗ್ರೀ ಹೇಳ್ಲಿ?" ಎಂದಳು. "ಮದುವೆಯಾದಾಗಿನಿಂದ ಮೊದಲ್ನೇ ಸಲ ತೆಗೆದಿದ್ದನ್ನ ತೆಗೆದಲ್ಲೇ ಇಟ್ಟಿದ್ರಿ. ಉಗುರುಬಣ್ಣದಲ್ಲಿ ಬೊಟ್ಟು ಬೇರೆ. ಅದಕ್ಕೂ ಬೈದ್ರೆ ದೇವರು ಮೆಚ್ತಾನಾ?" ಆಮೇಲೆ, "ಅಷ್ಟು ಖುಷಿಯಾಗಿ ಓಡಾಡ್ತಿದ್ರಿ. ನನ್ನ ಕೆಲಸಕ್ಕೆ ಅಂತ ತಂದಿದ್ರಿ. ನಂಗೆ ಅಷ್ಟೇ ಸಾಕಾಗಿತ್ತು" ಎಂದಳು.

ನಾನು ಅವಳಿಗೆ ಸಹಾಯ ಮಾಡುತ್ತಿದ್ದೇನೆ ಎಂದು ಮೆರೆಯುತ್ತಿದ್ದಾಗ, ಆ ಸಹಾಯದಿಂದ ತನ್ನ ಕೆಲಸವನ್ನೂ ಉಳಿಸಿಕೊಂಡು ನನ್ನ ಮಾನವನ್ನೂ ಉಳಿಸುತ್ತಿದ್ದಳು ಇವಳು, ದಿನಕ್ಕೆರಡು ಸಲ ಡಬ್ಬದ ಹಿಂದೆ ಬಗ್ಗಿ. ಅತ್ತೆಯವರು ಇದಕ್ಕಾಗಿ ಸಂಜೆಯ ನಿದ್ದೆ ಬಿಟ್ಟು ಕಿಟಕಿ ಕಾದಿದ್ದರು. ಇಂಥ ಇಬ್ಬರು ಸಿಕ್ಕಿದ್ದಕ್ಕೆ ನಾನು ಯಾವ ಪುಣ್ಯ ಮಾಡಿದ್ದೆನೋ ಗೊತ್ತಿಲ್ಲ. ನನ್ನ ತಪಾಸಣೆಗೆ ಅಂಥದ್ದೇನೂ ಕಂಡುಬಂದಿಲ್ಲ.

"ಬಾ, ನಿಜವಾದ ಕಾರ್ಡು ಹೇಗಿದೆ ನೋಡೋಣ" ಎಂದು ಪರದೆಯ ಮುಂದೆ ಕೂತೆ. ನೋಡಿದೆ. ಕನ್ನಡಕ ಹುಡುಕಿ ತಂದು (ಫ್ರಿಜ್ಜಿನ ಮೇಲಿತ್ತು) ಮತ್ತೆ ನೋಡಿದೆ. ನಿಮ್ಮಲ್ಲಿ ಸುಳ್ಳೇಕೆ ಹೇಳಲಿ, ಕೆಂಪು ಬಣ್ಣ ಮೊದಲೇ ಚೆನ್ನಾಗಿತ್ತು ಅನ್ನಿಸಿತು.

ಹೆಂಡತಿ ನಗುತ್ತಾ ಬಂದು ನನ್ನ ಅಂಗೈಗೆ ಏನನ್ನೋ ಇಟ್ಟು ಬೆರಳು ಮಡಿಸಿದಳು. ಬಿಚ್ಚಿ ನೋಡಿದರೆ ಆ ಕಪ್ಪು ರಬ್ಬರ್ ಮುಚ್ಚಳ.

"ಇದೊಂದನ್ನ ಮಾತ್ರ ದಯವಿಟ್ಟು ತೆಗೆದಲ್ಲೇ ಇಡಬೇಡಿ" ಎಂದಳು.

ಮರುದಿನ ಕಾರ್ಖಾನೆಯಲ್ಲಿ ಉಗ್ರಾಣದ ಮೇಲ್ವಿಚಾರಕರು ತೀರ್ಪು ಕೇಳಲು ಬಂದರು. "ಏನ್ ಸಾರ್, ಮಧ್ಯದ ದರ್ಜೆಯದ್ದು ತಗೋಬಹುದಾ?"

"ಧಾರಾಳವಾಗಿ ತಗೊಳ್ಳಿ" ಎಂದೆ. "ಕೂರಿಸೋಕೆ ಮಾತ್ರ ನಿಮ್ಮ ಮನೆಯವರಿಗೆ ಹೇಳಿ. ನೀವು ಹತ್ತಿರ ಹೋಗ್ಬೇಡಿ."

ಸಂಜೆ ಮನೆಗೆ ಬಂದೆ. ಇನ್ನು ನನ್ನನ್ನು ಕಿಟಕಿಯಲ್ಲಿ ಕಾಯುವವರು ಯಾರೂ ಇರುವುದಿಲ್ಲ, ಆ ವೈಭವ ಮುಗಿಯಿತು ಎಂದುಕೊಂಡು ಗೇಟಿಗೆ ಕೈ ಹಾಕಿದೆ.

"ಅಳಿಯಂದ್ರು ಬಂದ್ರೂ!"

ಕುರ್ಚಿ ಅಲ್ಲೇ ಇತ್ತು, ಅತ್ತೆಯವರೂ ಅಲ್ಲೇ ಇದ್ದರು. ಕೇಬಲ್ಲಿನ ನಾಟಕ ಮುಗಿದ ಮೇಲೂ ನನಗಾಗಿ ಕಾದಿದ್ದಾರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಒಳಗಿನಿಂದ, ಬಚ್ಚಲುಮನೆಯ ಕಡೆಯಿಂದ, ಸ್ಪ್ಯಾನರ್ ಬಕೆಟ್ಟಿನೊಳಗೆ ಬಿದ್ದ ಸದ್ದು ಕೇಳಿಸಿತು. ಅದರ ಹಿಂದೆಯೇ ಹೆಂಡತಿಯ ಧ್ವನಿ: "ಅಮ್ಮಾ, ಇನ್ನೊಂದು ನಿಮಿಷ ಹೊರಗೇ ಮಾತಾಡಿಸ್ತಿರು! ನಲ್ಲಿ ಇವತ್ತು ಯಾಕೋ ನಿಲ್ತಾನೇ ಇಲ್ಲ!"

ನಾನು ಗೇಟಿನ ಬಳಿಯೇ ಕೂತೆ. ಶೂ ಲೇಸು ಬಿಚ್ಚಿದೆ, ಮತ್ತೆ ಕಟ್ಟಿದೆ, ಮತ್ತೆ ಬಿಚ್ಚಿದೆ. "ಇವತ್ತು ಸೆಕೆ ಜಾಸ್ತಿ ಅಲ್ವಾ ಅತ್ತೆ?" ಎಂದು ನಾನೇ ಮಾತು ತೆಗೆದೆ.